ಹೂಡುವವರು ನಾವು, ಉಣ್ಣುವವರು ಯಾರು?

ವಿಮಾನ ನಿಲ್ದಾಣದ ಮಾತು ಹುತ್ತೂರಿನ ಅಂಗಡಿಕಾರನಿಗೇಕೆ, ಗಿರಣಿಯ ಕೆಲಸಗಾರನಿಗೇಕೆ ಎಂದು ಕೇಳುವವರುಂಟು. ಒಂದು ಸೋಪು ಕೊಂಡರೂ ಸರಕಾರದ ಬೊಕ್ಕಸಕ್ಕೆ ಕಾಸು ಹಾಕುವವರು ಇವರೇ. ಆದ್ದರಿಂದ ಲೆಕ್ಕ ಕೇಳುವ ಹಕ್ಕೂ ಇವರದೇ.

ನಮ್ಮ ಜಿಲ್ಲೆಗೆ ಈ ಪಾಠ ಹೊಸದಲ್ಲ. ಕೋಲಾರದ ಗಣಿಯಲ್ಲಿ ಜಾನ್ ಟೇಲರ್ ಕಂಪನಿಯವರು 1880ರಿಂದ ಮುಕ್ಕಾಲು ಶತಮಾನ ಚಿನ್ನ ತೆಗೆದರು. ಲಾಭ ಲಂಡನ್ನಿನ ಷೇರುದಾರರಿಗೆ ಹೋಯಿತು. ಒಳ್ಳೆಯ ಅದಿರು ತೀರುತ್ತ ಬಂದ ಮೇಲೆ, 1956ರಲ್ಲಿ, ಮೈಸೂರು ಸರಕಾರ ಗಣಿಗಳನ್ನು ವಹಿಸಿಕೊಂಡಿತು. ಮುಂದೆ ಅವು ಕೇಂದ್ರದ ಕೈ ಸೇರಿ, 2001ರಲ್ಲಿ ಬೀಗ ಬಿತ್ತು. ಸರಕಾರಿ ಒಡೆತನವೆಂದರೆ ನಷ್ಟ ಎಂಬ ಅಪವಾದವಷ್ಟೇ ನಮ್ಮ ಪಾಲಿಗೆ ಉಳಿಯಿತು.

ವಿಮಾನ ನಿಲ್ದಾಣಗಳಲ್ಲಿ ನಡೆದಿರುವುದು ಇದರ ತಿರುಗುಮುರುಗು. ಮಂಗಳೂರಿನ ಬಜಪೆ ನಿಲ್ದಾಣವನ್ನು 1951ರಿಂದ ಬೆಳೆಸಿದ್ದು ಸಾರ್ವಜನಿಕರ ಹಣ. 2020ರಲ್ಲಿ ಅದು 50 ವರ್ಷದ ಗುತ್ತಿಗೆಯ ಮೇಲೆ ಅದಾನಿಯವರ ಕೈ ಸೇರಿತು. ದೇವನಹಳ್ಳಿಯಲ್ಲಿ ನೆಲ ಸರಕಾರದ್ದು, 350 ಕೋಟಿ ರೂಪಾಯಿಯ ಬಡ್ಡಿಯಿಲ್ಲದ ಸಾಲವೂ ಸರಕಾರದ್ದು. ಆದರೆ ಮೊದಲಿನ ಷೇರುಗಳಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಸೇರಿ ನೂರಕ್ಕೆ 26 ಮಾತ್ರ. 2008ರ ಮೇ ತಿಂಗಳಲ್ಲಿ ಅದು ತೆರೆದಾಗ ಎಚ್‌.ಎ.ಎಲ್‌. ನಿಲ್ದಾಣದಿಂದ ಸಾಮಾನ್ಯ ಪ್ರಯಾಣಿಕರ ವಿಮಾನಗಳು ನಿಂತವು. ಸುತ್ತ 150 ಕಿಲೋಮೀಟರಿನೊಳಗೆ 25 ವರ್ಷ ಹೊಸ ನಿಲ್ದಾಣ ಕೂಡದೆಂಬ ಕರಾರೂ ಆಯಿತು; ಹಳೆಯ ಮೈಸೂರು, ಹಾಸನಗಳಿಗೆ ಮಾತ್ರ ವಿನಾಯಿತಿ. ಕೋಲಾರ ಆ ಬೇಲಿಯೊಳಗೇ ಇದೆ. (ನಮಗೆ ವಿಮಾನ ಬೇಕೆಂದು ನಾವೇನೂ ಹಟ ಹಿಡಿದಿಲ್ಲ, ಮೊದಲು ಹೊತ್ತಿಗೆ ಸರಿಯಾಗಿ ಬಸ್ಸು ಬರಲಿ.)

ಶಿವಮೊಗ್ಗದ್ದು ಬೇರೆ ದಾರಿ. ಸುಮಾರು 450 ಕೋಟಿ ರೂಪಾಯಿ ಖರ್ಚಿನಲ್ಲಿ ಕಟ್ಟಿ 2023ರಲ್ಲಿ ತೆರೆದ ಆ ನಿಲ್ದಾಣವನ್ನು ರಾಜ್ಯ ಸರಕಾರದ ಸಂಸ್ಥೆಯೇ ನಡೆಸತೊಡಗಿತು. ಇದನ್ನು ನಾವು ಒಪ್ಪುತ್ತೇವೆ. ಬಡವನ ತೆರಿಗೆಯಲ್ಲಿ ಉಳ್ಳವನ ಪ್ರಯಾಣವೇ ಎಂಬ ಆಕ್ಷೇಪ ಮಾತ್ರ ತಳ್ಳಿಹಾಕುವಂಥದಲ್ಲ. ಉಡಾನ್ ಯೋಜನೆಯಲ್ಲಿ ವಿಮಾನ ಕಂಪನಿಗೆ ತುಂಬಿಕೊಡುವ ನಷ್ಟದಲ್ಲಿ ನೂರಕ್ಕೆ 20 ಪಾಲು ರಾಜ್ಯದ್ದೇ. ಸಾರಿಗೆ ಬಸ್ಸಿನ ನಷ್ಟವನ್ನು ಹೊರೆ ಎನ್ನುವವರು ಇದನ್ನು ಅಭಿವೃದ್ಧಿ ಎನ್ನುತ್ತಾರೆ!

ನಮ್ಮ ಭಯ ಇಂದಿನ ನಷ್ಟದ್ದಲ್ಲ. ನಿಲ್ದಾಣ ಚಿಗುರಿ ಲಾಭ ಕಂಡ ದಿನ ಗುತ್ತಿಗೆಯ ಕಾಗದ ಹಿಡಿದು ಬರುವವರದು. ಜನರ ಹಣದಲ್ಲಿ ಕಟ್ಟಿದ ನಿಲ್ದಾಣವನ್ನು ವಿಧಾನಸಭೆಯ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಕೂಡದೆಂದು ಈಗಲೇ ಶಾಸನವಾಗಲಿ; ವರ್ಷವರ್ಷದ ಲೆಕ್ಕ ಸಭೆಯ ಮುಂದೆ ಬರಲಿ. ನಮ್ಮ ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಇಷ್ಟನ್ನಾದರೂ ಕೇಳುವರೇ?