ಓಲೆಯ ಗಾಯಕ್ಕೂ ಕನ್ನಡದಲ್ಲಿ ಹೆಸರು ಬೇಕು

ಸಮ್ಮೇಳನಗಳ ವೇದಿಕೆಯ ಮೇಲೆ ನಾವು ಹಸ್ತಪ್ರತಿಗಳನ್ನು ಹೊಗಳದ ವರ್ಷವಿಲ್ಲ. ಓಲೆಗರಿಯ ಕಟ್ಟನ್ನು ತಲೆಯ ಮೇಲೆ ಹೊತ್ತು ಮೆರೆಯಿಸುತ್ತೇವೆ, ಅರಿಷಿಣ ಕುಂಕುಮ ಏರಿಸಿ ಆರತಿ ಬೆಳಗುತ್ತೇವೆ, ಮರಳಿ ಗಂಟು ಬಿಗಿದು ಇಡುತ್ತೇವೆ. ಆ ಕುಂಕುಮ, ಆ ದೀಪದ ಎಣ್ಣೆ, ಆ ಬಿಗಿದ ಗಂಟು ಓಲೆಗೆ ಏನು ಮಾಡುತ್ತವೆ ಎಂದು ಕೇಳುವವರಿಲ್ಲ. ಕೇಳಿದರೂ ಉತ್ತರ ಹೇಳುವ ಪುಸ್ತಕ ಕನ್ನಡದ ಮನೆಯಲ್ಲಿ ಕೈಗೆಟುಕುವ ಜಾಗದಲ್ಲಿಲ್ಲ. ಇದೇ ನನ್ನ ತಕರಾರು.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಶಿಕ್ಷಕ ವೃತ್ತಿಯ ಆರಂಭದಲ್ಲಿ ಹಳೆಯ ಪುಸ್ತಕವೊಂದರ ಹರಿದ ಹಾಳೆಗಳಿಗೆ ಸೆಲ್ಲೋಟೇಪು ಹಚ್ಚಿ, ದುರಸ್ತಿ ಮಾಡಿದೆನೆಂದು ಬೀಗಿದ್ದೆ. ನಿವೃತ್ತಿಯ ಹೊತ್ತಿಗೆ ಟೇಪು ಒಣಗಿ ಉದುರಿತ್ತು. ಅದರ ಅಂಟು ಕಾಗದದೊಳಗೆ ಇಳಿದು, ಹರಿಯದೆ ಉಳಿದಿದ್ದ ಸಾಲುಗಳೂ ಕಂದು ಕಲೆಯಲ್ಲಿ ಮುಳುಗಿದ್ದವು. ಉದ್ದ ನಾರಿನ ತೆಳುಕಾಗದವನ್ನು ಗೋಧಿಹಿಟ್ಟಿನ ತಿಳಿಯಾದ ಅಂಟಿನಿಂದ ಹಚ್ಚಬೇಕು, ಬೇಡವಾದಾಗ ನೀರಿನ ಪಸೆಯಿಂದ ಬಿಡಿಸಲು ಬರಬೇಕು ಎಂಬ ಒಂದೇ ಒಂದು ವಾಕ್ಯ ಅಂದು ಕನ್ನಡದಲ್ಲಿ ನನ್ನ ಕೈಗೆ ಸಿಕ್ಕಿದ್ದರೆ ಆ ಪುಸ್ತಕ ಬದುಕುತ್ತಿತ್ತು. ಅದನ್ನು ಕೊಂದದ್ದು ಉಪೇಕ್ಷೆಯಲ್ಲ, ತಿಳಿವಳಿಕೆಯಿಲ್ಲದ ಪ್ರೀತಿ.

ಪದದಲ್ಲೇನಿದೆ ಎಂದು ಕೇಳುವವರಿಗೆ ಒಂದು ದೃಷ್ಟಾಂತ. ನಮ್ಮ ನಾಡಿನ ಓಲೆಗರಿಯ ಮೇಲಿನ ಅಕ್ಷರವು ಕಬ್ಬಿಣದ ಕಂಠದಿಂದ ಕೊರೆದದ್ದು. ಮಸಿ ಮಾಸಿದರೂ ಗೀರು ಉಳಿಯುತ್ತದೆ. ನುರಿತವರು ಸ್ಪಿರಿಟ್ಟಿನ ಪಸೆಯ ಹತ್ತಿಯಿಂದ ಒರೆಸಿ ದೀಪದ ಕಾಡಿಗೆಯನ್ನು ಮತ್ತೆ ತುಂಬಿದರೆ ಅಕ್ಷರ ಎದ್ದು ಕಾಣುತ್ತದೆ. ಕಡತ ಹಾಗಲ್ಲ. ಅದು ಹುಣಸೆಬೀಜದ ಸರಿಯಲ್ಲಿ ಇದ್ದಿಲಪುಡಿ ಕಲಸಿ ಬಳಿದು ಒಣಗಿಸಿದ, ಮಡಿಕೆ ಮಡಿಕೆಯಾದ ಕಪ್ಪು ಬಟ್ಟೆ; ಅದರ ಮೇಲೆ ಬಿಳಿಯ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಎಷ್ಟೋ ದಾಖಲೆಗಳು ಇಂತಹ ಕಡತಗಳಲ್ಲಿಯೇ ಉಳಿದುಬಂದಿವೆ. ಅಳಿಸಿ ಮತ್ತೆ ಬರೆಯಲು ಬರುವ ಆ ಬಟ್ಟೆಯನ್ನು ಒದ್ದೆ ಹತ್ತಿಯಿಂದ ಒಮ್ಮೆ ಒರೆಸಿದರೆ ಚರಿತ್ರೆಯೇ ಅಳಿಯುತ್ತದೆ. ಒಂದಕ್ಕೆ ಚಿಕಿತ್ಸೆಯಾದದ್ದು ಇನ್ನೊಂದಕ್ಕೆ ಮರಣ. ಇಂದಿನ ತರುಣನಿಗೋ ಕಡತವೆಂದರೆ ಕಚೇರಿಯ ಫೈಲು. ಹೆಸರು ಬದುಕಿದೆ, ವಸ್ತು ಮರೆತಿದೆ.

ಹುಳು ಹತ್ತಿದೆ ಎಂಬ ನಮ್ಮ ಮಾತೂ ಹಾಗೆಯೇ. ಗೆದ್ದಲು ನೆಲ ಗೋಡೆಗಳಿಂದ ಬರುತ್ತದೆ. ಅದಕ್ಕೆ ಕಪಾಟನ್ನು ಗೋಡೆಯಿಂದ ದೂರವಿಡಬೇಕು. ಪುಸ್ತಕವನ್ನು ಕೊರೆಯುವ ದುಂಬಿಯ ಮರಿ ಹಾಳೆಗಳ ಒಳಗೇ ಬೆಳೆಯುತ್ತದೆ. ಅದಕ್ಕೆ ಗಂಟನ್ನು ಆಗಾಗ ಬಿಚ್ಚಿ ನೋಡಬೇಕು. ಕರಾವಳಿಯ ಓಲೆಗೆ ಬೂಷ್ಟಿನ ಭಯವಾದರೆ, ಮಳೆ ಕಾಣದ ನಮ್ಮ ಜತ್ತ ಸೀಮೆಯ ಓಲೆಗೆ ಒಣಗಿ ಸೀಳುವ ಭಯ. ರೋಗಕ್ಕೆ ಹೆಸರಿಡದವನು ಮದ್ದು ಕೊಡಬಲ್ಲನೇ?

ನಮ್ಮ ಹಿರಿಯರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ನೆರೆಯ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ನಾಡಿಗೆ ಕೊಟ್ಟರು. ಡಿ. ಎಲ್. ನರಸಿಂಹಾಚಾರ್ಯರು, ಎಂ. ಎಂ. ಕಲಬುರ್ಗಿಯವರು ಗ್ರಂಥಸಂಪಾದನೆಯ ಶಾಸ್ತ್ರವನ್ನು ಕನ್ನಡದಲ್ಲಿಯೇ ಕಟ್ಟಿದರು. ಲಿಪಿಕಾರನ ಒಂದೊಂದು ಪ್ರಮಾದಕ್ಕೂ ಇಂದು ನಮ್ಮಲ್ಲಿ ಹೆಸರಿದೆ. ಪಾಠದ ದೋಷಕ್ಕೆ ಪರಿಭಾಷೆ ದೊರೆಯಿತು. ಪಾಠವನ್ನು ಹೊತ್ತ ಓಲೆಯ ದೇಹಕ್ಕೆ ದೊರೆಯಲಿಲ್ಲ. ಬಿಡಿ ಲೇಖನಗಳಿವೆ, ಶಿಬಿರಗಳು ನಡೆದಿವೆ. ಅವು ಒಂದು ಕೋಶವಾಗಿ ಮಠದ ಅಯ್ಯನವರ ಕೈಗೆ, ಊರಿನ ಗ್ರಂಥಪಾಲನ ಮೇಜಿಗೆ ತಲುಪಿಲ್ಲ.

ಇಂಗ್ಲಿಷಿನಲ್ಲಿ ಎಲ್ಲವೂ ಇದೆಯಲ್ಲ ಎನ್ನುವವರುಂಟು. ಇದೆ, ನಿಜ. 1966ರ ನವೆಂಬರಿನಲ್ಲಿ ಇಟಲಿಯ ಫ್ಲಾರೆನ್ಸ್ ನಗರಕ್ಕೆ ನೆರೆ ನುಗ್ಗಿ ಅಸಂಖ್ಯ ಗ್ರಂಥಗಳು ಕೆಸರಿನಲ್ಲಿ ಹೂತಾಗ ಹಲವು ದೇಶಗಳ ಕುಶಲಿಗರು ಅಲ್ಲಿ ನೆರೆದರು. ಹಾಗೆ ಹೋಗಿ ದುಡಿದ ಡಾನ್ ಎಥರಿಂಗ್ಟನ್ ಅವರು ಮುಂದೆ ಮ್ಯಾಟ್ ರಾಬರ್ಟ್ಸ್ ಅವರೊಡನೆ ಪುಸ್ತಕದ ಕಟ್ಟು ಮತ್ತು ಸಂರಕ್ಷಣೆಯ ಪದಕೋಶವೊಂದನ್ನು ರಚಿಸಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1982ರಲ್ಲಿ ಅದನ್ನು ಪ್ರಕಟಿಸಿತು. ಆದರೆ ಅದು ಮುಖ್ಯವಾಗಿ ಚರ್ಮದ ಹೊದಿಕೆಯ, ಹೊಲಿದ ಬೆನ್ನಿನ ಪುಸ್ತಕಗಳ ಲೋಕ. ನಮ್ಮ ಕಂಠ, ಕಡತ, ಬಳಪ, ಗಂಟಿನಲ್ಲಿಡುವ ಬಜೆಯ ಬೇರು, ಇವನ್ನು ನಾವಲ್ಲದೆ ಯಾರು ಬರೆಯಬೇಕು?

ಪಂಡಿತರಿಗೆ ಒಂದು ಬಿನ್ನಹ. ದಯವಿಟ್ಟು ಪ್ರತ್ಯಾವರ್ತನೀಯತೆಯಂತಹ ಪದಗಳನ್ನು ಟಂಕಿಸಿ ಕೈತೊಳೆದುಕೊಳ್ಳಬೇಡಿ. ‘ಮರಳಿ ಬಿಡಿಸಬಲ್ಲ ಅಂಟು’ ಎಂದರೆ ಬೈಂಡಿಂಗಿನವನಿಗೂ ತಿಳಿಯುತ್ತದೆ. ಸ್ಕ್ಯಾನ್ ಮಾಡಿದರಾಯಿತು ಎನ್ನುವವರಿಗೂ ಒಂದು ಮಾತು: ಚಿತ್ರ ತೆಗೆಯಲು ಒಣ ಓಲೆಯನ್ನು ಒತ್ತಿ ಚಪ್ಪಟೆ ಮಾಡುವ ಕೈಗೆ ಮೊದಲು ಓಲೆಯ ಸ್ವಭಾವ ತಿಳಿದಿರಬೇಕು. ಭಾವಚಿತ್ರವಿದೆಯೆಂದು ತಾಯಿಯನ್ನು ಯಾರೂ ಬೀದಿಗೆ ಬಿಡುವುದಿಲ್ಲ.

ನಮ್ಮ ಮಾಡಗ್ಯಾಳದಂತಹ ಗಡಿಯ ಊರುಗಳಲ್ಲಿ ಹಳೆಯ ಟ್ರಂಕು ತೆರೆದರೆ ಕನ್ನಡದ ಬರಹ, ಮೋಡಿ ಲಿಪಿಯ ಮರಾಠಿ ಕಾಗದ ಒಂದೇ ಬಟ್ಟೆಯಲ್ಲಿ ಕಂಡಾವು. ಅವೆರಡನ್ನೂ ತಿನ್ನುವ ಗೆದ್ದಲಿಗೆ ಗಡಿಯಿಲ್ಲ. ಆದ್ದರಿಂದ ನಮ್ಮ ಸಂಘವೇ ಮುಂದಾಗಲಿ. ಇನ್ನೂರು ಪದಗಳ ಕಿರುಕೋಶವೊಂದು ಸಾಕು: ವಸ್ತುವಿನ ಹೆಸರು, ಗಾಯದ ಹೆಸರು, ಮಾಡಬೇಕಾದದ್ದು, ಮಾಡಲೇಬಾರದ್ದು, ಪಕ್ಕದಲ್ಲಿ ಮರಾಠಿ ಪದ, ಒಂದು ರೇಖಾಚಿತ್ರ. ಪದಗಳನ್ನು ಮಠದ ಹಿರಿಯರಿಂದ, ಬೈಂಡಿಂಗಿನವರಿಂದ, ಬಡಿಗರಿಂದ, ನೇಕಾರರಿಂದ ಆಯ್ದು ತರೋಣ. ಪರಿಣತರು ಅದನ್ನು ತಿದ್ದಿಕೊಡಲಿ.

ಮುಂದಿನ ಸಮ್ಮೇಳನದಲ್ಲಿ ಓಲೆಗರಿಯ ಮೆರವಣಿಗೆ ಬೇಡ. ಆ ಕಿರುಕೋಶ ಬಿಡುಗಡೆಯಾಗಲಿ. ಆರತಿಯ ತಟ್ಟೆಯನ್ನು ನಾನೇ ಹಿಡಿಯುತ್ತೇನೆ, ಓಲೆಯಿಂದ ನಾಲ್ಕು ಮಾರು ದೂರದಲ್ಲಿ.