ಸಯಾಟಿಕಾ: ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ

ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡಿರುವ ನಮ್ಮವರಿಗೆ ಸೊಂಟನೋವು ಹೊಸತೇನಲ್ಲ. ಹೋಟೆಲಿನ ಕೌಂಟರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲುವವರು, ಅಡುಗೆಮನೆಯಲ್ಲಿ ಭಾರದ ಪಾತ್ರೆ ಎತ್ತುವವರು, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕಚೇರಿ ಸೇರುವವರು ಎಲ್ಲರಿಗೂ ಅದರ ಪರಿಚಯವಿದೆ. ಆದರೆ ನೋವು ಸೊಂಟದಿಂದ ತೊಡೆಗೆ, ಅಲ್ಲಿಂದ ಪಾದದವರೆಗೆ ಇಳಿದಾಗ ಮನೆಮಂದಿ ಕಂಗಾಲಾಗುತ್ತಾರೆ. ಎಂಆರ್‌ಐ ವರದಿಯಲ್ಲಿ 'ಡಿಸ್ಕ್ ಜಾರಿದೆ' ಎಂದು ಕಂಡೊಡನೆ ಶಸ್ತ್ರಚಿಕಿತ್ಸೆಯೇ ಗತಿಯೆಂದು ಸಾಲಕ್ಕೆ ಓಡಾಡುವವರು ಒಂದು ಕಡೆ. ಮೊಬೈಲಿನಲ್ಲಿ 'ಲಟಕ್' ಎಂದು ಬೆನ್ನೆಲುಬು ಸರಿಪಡಿಸುವ ವೀಡಿಯೊ ನೋಡಿ ಸಿಕ್ಕವರ ಕೈಗೆ ಬೆನ್ನು ಕೊಡುವವರು ಇನ್ನೊಂದು ಕಡೆ. ಈ ಎರಡೂ ಆತುರ ಸಲ್ಲದು ಎಂಬುದು ನನ್ನ ಅಭಿಪ್ರಾಯ.

ಬೆನ್ನುಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ಕಾಲಿಗೆ ಹೋಗುವ ನರದ ಬುಡವನ್ನು ಒತ್ತುವುದೇ ಹೆಚ್ಚಿನ ಸಯಾಟಿಕಾಕ್ಕೆ ಕಾರಣ. ಬಹುಪಾಲು ಜನರಲ್ಲಿ ಇದು ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ 283 ತೀವ್ರ ಸಯಾಟಿಕಾ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗ ಶಸ್ತ್ರಚಿಕಿತ್ಸೆ ಪಡೆದವರ ನೋವು ಬೇಗ ಇಳಿಯಿತು ನಿಜ. ಆದರೆ ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಶೇ. 95ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಕಾದವರಲ್ಲಿ ಶೇ. 39 ಮಂದಿಗೆ ಮಾತ್ರ ಮುಂದೆ ಶಸ್ತ್ರಚಿಕಿತ್ಸೆ ಬೇಕಾಯಿತು.

ಹೀಗೆ ಕಾಯುವ ಅವಧಿಯಲ್ಲಿ ಕೈರೋಪ್ರಾಕ್ಟಿಕ್ ನೆರವಾದೀತೇ? 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಆರಂಭಿಸಿದ ಈ ಪದ್ಧತಿಯಲ್ಲಿ ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ಸಡಿಲಿಸುತ್ತಾರೆ. ಮೂರು ತಿಂಗಳ ಔಷಧೋಪಚಾರಕ್ಕೂ ಬಗ್ಗದ 40 ಸಯಾಟಿಕಾ ರೋಗಿಗಳ ಮೇಲೆ ಕೆನಡಾದಲ್ಲಿ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕೈಚಿಕಿತ್ಸೆ ಪಡೆದವರಲ್ಲಿ ಶೇ. 60 ಮಂದಿಗೆ ಶಸ್ತ್ರಚಿಕಿತ್ಸೆಯಷ್ಟೇ ಗುಣ ಸಿಕ್ಕಿತು. ಉಳಿದವರು ನಂತರ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಚೇತರಿಸಿಕೊಂಡರು, ಕಾದದ್ದರಿಂದ ಅವರಿಗೆ ನಷ್ಟವಾಗಲಿಲ್ಲ. ಆದರೆ ಇದು ಚಿಕ್ಕ ಅಧ್ಯಯನ. ಇದನ್ನೇ ಹಿಡಿದು ಎಲ್ಲರಿಗೂ ಭರವಸೆ ಕೊಡುವಂತಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯೂ ಕೈಚಿಕಿತ್ಸೆಯನ್ನು ವ್ಯಾಯಾಮದ ಜತೆಗೆ ಮಾತ್ರ ಪರಿಗಣಿಸಬಹುದು ಎನ್ನುತ್ತದೆ.

ನಮ್ಮ ತೊಂದರೆ ಇರುವುದು ಬೇರೆ ಕಡೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಈ ವೃತ್ತಿಗೆ ಕನಿಷ್ಠ 4,200 ಗಂಟೆಗಳ ತರಬೇತಿ ಬೇಕೆಂದು ಹೇಳಿದೆ. ಆದರೆ ಡಾಕ್ಟರರಿಗೆ, ದಂತವೈದ್ಯರಿಗೆ ಇರುವಂತೆ ಕೈರೋಪ್ರಾಕ್ಟರ್‌ಗಳಿಗೆ ಭಾರತದಲ್ಲಿ ಪ್ರತ್ಯೇಕ ಸರಕಾರಿ ಪರಿಷತ್ತು ಇಲ್ಲ. ನಾಲ್ಕು ದಿನದ ತರಬೇತಿ ಮುಗಿಸಿ ಬೋರ್ಡು ಹಾಕಿದವರನ್ನು ಕೇಳುವವರಾರು? ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವೂ ಅಪರೂಪವಲ್ಲ. ಅಂಥ ಮೂಳೆಯನ್ನಾಗಲಿ, ವಯಸ್ಸಿನಿಂದ ಸವೆದ ಮೂಳೆಯನ್ನಾಗಲಿ ಬಲವಾಗಿ ಒತ್ತಿದರೆ ಅನಾಹುತವೇ ಸರಿ. ಆದ್ದರಿಂದ ಮೊದಲು ವೈದ್ಯರ ತಪಾಸಣೆ, ಆಮೇಲೆ ಕೈಚಿಕಿತ್ಸೆ. ಕಲಿತದ್ದು ಎಲ್ಲಿ, ಎಷ್ಟು ವರ್ಷ ಎಂದು ಕೇಳಲು ಸಂಕೋಚ ಬೇಡ. ತಕ್ಕವರು ಸಿಗದಿದ್ದರೆ ಫಿಸಿಯೋಥೆರಪಿ ಇದ್ದೇ ಇದೆ. ಪರೇಲಿನ ಕೆಇಎಂ, ಸಯನ್, ನಾಯರ್‌ನಂತಹ ಮಹಾನಗರಪಾಲಿಕೆ ಆಸ್ಪತ್ರೆಗಳಲ್ಲಿ ಆ ವಿಭಾಗಗಳಿವೆ.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತ ಹೋದರೆ ಒಂದು ದಿನವೂ ಕಾಯದೆ ಆಸ್ಪತ್ರೆ ಸೇರಬೇಕು. ಆಗ ಶಸ್ತ್ರಚಿಕಿತ್ಸೆಯೇ ಕಾಲನ್ನು ಉಳಿಸಬಲ್ಲದು.

ನಮ್ಮ ಸಂಘ ಸಂಸ್ಥೆಗಳು ವರ್ಷವೂ ರಕ್ತದಾನ, ನೇತ್ರ ತಪಾಸಣೆ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುತ್ತಿವೆ. ಇನ್ನು ಮುಂದೆ ಒಬ್ಬ ಮೂಳೆತಜ್ಞರನ್ನೂ ಒಬ್ಬ ಫಿಸಿಯೋಥೆರಪಿಸ್ಟರನ್ನೂ ಕರೆಸಿ ಬೆನ್ನಿನ ತಪಾಸಣೆಯನ್ನೂ ಸೇರಿಸಿಕೊಂಡರೆ, ಶಸ್ತ್ರಚಿಕಿತ್ಸೆ ಹೇಳಿಸಿಕೊಂಡ ಬಂಧುವಿಗೆ ಅಲ್ಲಿಯೇ ಎರಡನೆಯ ಅಭಿಪ್ರಾಯ ಸಿಕ್ಕೀತು. ದುಡಿಯುವ ಕೈಗಳ ಹಿಂದೆ ದುಡಿಯುವ ಬೆನ್ನೂ ಇದೆ ಎಂಬುದನ್ನು ಪದಾಧಿಕಾರಿಗಳು ಗಮನಿಸಬೇಕೆಂದು ವಿನಂತಿ.