ಶಾಲೆಯ ಬಜೆಟ್‌ಗೆ ಊರಿನ ವೋಟು

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ರಾಜ್ಯದಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳ ಮೊದಲ ಮಂಗಳವಾರ ‘ಟೌನ್ ಮೀಟಿಂಗ್ ಡೇ’. ಊರಿನ ರಸ್ತೆಗೆ ಎಷ್ಟು, ಹಿಮ ತೆಗೆಯುವ ಲಾರಿಗೆ ಎಷ್ಟು, ಶಾಲೆಗೆ ಎಷ್ಟು ಎಂಬುದನ್ನು ಮತದಾರರೇ ತೀರ್ಮಾನಿಸುವ ದಿನ ಅದು. 2024ರ ಮಾರ್ಚ್ 5ರಂದು ಆ ರಾಜ್ಯದ ಸುಮಾರು ಮೂರನೇ ಒಂದು ಭಾಗದಷ್ಟು ಶಾಲಾ ಬಜೆಟ್‌ಗಳನ್ನು ಜನ ತಿರಸ್ಕರಿಸಿದರು. ಶಾಲಾ ಮಂಡಳಿಗಳು ಲೆಕ್ಕವನ್ನು ಮತ್ತೆ ಬಿಚ್ಚಿ, ಖರ್ಚು ಇಳಿಸಿ, ಎರಡನೇ ಸಲ, ಕೆಲವೆಡೆ ಮೂರನೇ ಸಲವೂ ಊರಿನ ಮುಂದೆ ನಿಲ್ಲಬೇಕಾಯಿತು.

ಶಾಲೆಯ ಖರ್ಚಿಗೆ ಜನ ‘ಬೇಡ’ ಎಂದರೆ ಅದು ಶಿಕ್ಷಣಕ್ಕೆ ಕೆಡುಕಲ್ಲವೇ ಎಂದು ಕೇಳಬಹುದು. ಕೆಡುಕು ಇದೆ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಸಣ್ಣ ಶಾಲೆಗಳನ್ನು ಮುಚ್ಚಬೇಕೇ, ವಿಲೀನ ಮಾಡಬೇಕೇ ಎಂಬ ಚರ್ಚೆ ಕರ್ನಾಟಕದಲ್ಲಿ ಬಿಸಿಯಾಗಿರುವ ಹೊತ್ತಿನಲ್ಲಿ, ಅದೇ ಪ್ರಶ್ನೆಯನ್ನು ದಶಕಗಳಿಂದ ಎದುರಿಸುತ್ತಿರುವ ವರ್ಮಾಂಟ್‌ನ ಅನುಭವವನ್ನು ನಾವು ಗಮನವಿಟ್ಟು ನೋಡಬೇಕು.

ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ನಮ್ಮ ಜಿಲ್ಲೆಯಷ್ಟು ದೊಡ್ಡದಲ್ಲ. ಒಂದು ಊರಿನ, ಅಥವಾ ಅಕ್ಕಪಕ್ಕದ ಕೆಲವು ಊರುಗಳ ಶಾಲೆ ನಡೆಸುವುದಕ್ಕೆಂದೇ ಇರುವ ಸ್ಥಳೀಯ ಸರ್ಕಾರ ಅದು. 2020ರ ಗಣತಿಯ ಪ್ರಕಾರ ವರ್ಮಾಂಟ್‌ನ ಜನಸಂಖ್ಯೆ 6.43 ಲಕ್ಷ, ಅಂದರೆ ನಮ್ಮ ಕೊಡಗಿಗಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲೇ 119 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಅಮೆರಿಕದಾದ್ಯಂತ 1939-40ರಲ್ಲಿ ಇಂಥ 1.17 ಲಕ್ಷ ಘಟಕಗಳಿದ್ದವು, ಈಗ ಉಳಿದಿರುವುದು ಸುಮಾರು 13 ಸಾವಿರ. ಉಳಿದವುಗಳಲ್ಲಿ ಬಹಳಷ್ಟು ಇಂದಿಗೂ ಹಳ್ಳಿಗಾಡಿನ ಪುಟ್ಟ ಘಟಕಗಳೇ.

ಪ್ರತಿ ಡಿಸ್ಟ್ರಿಕ್ಟ್‌ಗೂ ಊರವರು ಆರಿಸಿದ ಶಾಲಾ ಮಂಡಳಿ ಇರುತ್ತದೆ. ಮಂಡಳಿಯ ಸದಸ್ಯರಿಗೆ ಇದು ಹೊಟ್ಟೆಪಾಡಿನ ಕೆಲಸವಲ್ಲ. ಹಗಲು ತಮ್ಮ ತಮ್ಮ ಕೆಲಸ ಮುಗಿಸಿ ಸಂಜೆ ಸಭೆ ಸೇರುವ ಸಾಮಾನ್ಯರು ಅವರು. ಬಜೆಟ್ ಸಿದ್ಧಪಡಿಸುವುದು, ಶಾಲೆಯ ನೀತಿ ನಿಯಮ ರೂಪಿಸುವುದು ಅವರ ಜವಾಬ್ದಾರಿ. ಸಭೆಯ ಕಾರ್ಯಸೂಚಿಯನ್ನು 48 ಗಂಟೆ ಮೊದಲೇ ಸಾರ್ವಜನಿಕವಾಗಿ ಪ್ರಕಟಿಸಬೇಕು. ಸಭೆ ನಡೆದ ಐದು ದಿನಗಳೊಳಗೆ ನಡಾವಳಿ ಜನರ ಕೈಗೆ ಸಿಗಬೇಕು. ಸಭೆಯಲ್ಲಿ ಮಾತನಾಡಲು ಸಾರ್ವಜನಿಕರಿಗೆ ಅವಕಾಶ ಕೊಡಲೇಬೇಕು. ಮುಚ್ಚಿದ ಬಾಗಿಲ ಸಭೆ ಯಾವ ಯಾವ ವಿಷಯಕ್ಕೆ ಮಾತ್ರ ಎಂಬುದನ್ನು ಕಾನೂನೇ ಹೇಳುತ್ತದೆ.

ಆದರೆ ಎಲ್ಲವನ್ನೂ ಪುಟ್ಟ ಊರೊಂದು ಒಂಟಿಯಾಗಿ ನಿಭಾಯಿಸಲಾರದು. ಐವತ್ತು ಮಕ್ಕಳ ಶಾಲೆಗೆ ಪ್ರತ್ಯೇಕ ಲೆಕ್ಕಾಧಿಕಾರಿಯನ್ನು ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ವಿಶೇಷ ಅಗತ್ಯವುಳ್ಳ ಒಂದು ಮಗು ಹೊಸದಾಗಿ ಊರಿಗೆ ಬಂದರೆ, ಆ ಮಗುವಿಗೆ ಬೇಕಾದ ತಜ್ಞ ಶಿಕ್ಷಕರು ಮತ್ತು ಥೆರಪಿಯ ಖರ್ಚು ಒಂದೇ ಶಾಲೆಯ ಮೇಲೆ ಬಿದ್ದರೆ ವರ್ಷದ ಬಜೆಟ್ಟೇ ಅಡಿಮೇಲಾಗುತ್ತದೆ. ಆಗ ಊರಿನವರ ಕಣ್ಣು ಆ ಮಗುವಿನ ಮನೆಯ ಮೇಲೆ ಬೀಳುತ್ತದೆ, ಅದಕ್ಕಿಂತ ಅನ್ಯಾಯ ಇನ್ನೊಂದಿಲ್ಲ. ಅದಕ್ಕಾಗಿಯೇ ಹಲವು ಡಿಸ್ಟ್ರಿಕ್ಟ್‌ಗಳು ಸೇರಿ ‘ಸೂಪರ್‌ವೈಸರಿ ಯೂನಿಯನ್’ ಎಂಬ ಒಕ್ಕೂಟ ಮಾಡಿಕೊಂಡಿವೆ. ಶಾಲೆಗಳ ಆಡಳಿತದ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್, ಲೆಕ್ಕಪತ್ರ, ವಿಶೇಷ ಶಿಕ್ಷಣ, ಶಾಲಾ ಬಸ್ಸು ಇವೆಲ್ಲ ಒಕ್ಕೂಟದ ಪಾಲು. ಶಾಲೆಯ ಹಿಡಿತ ಮಾತ್ರ ಊರಿನದು. ವರ್ಮಾಂಟ್‌ನ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ವಿವೇಕದ್ದೆಂದು ಕಾಣುವುದು ಈ ಕೆಲಸದ ಹಂಚಿಕೆ.

ಇನ್ನು ದುಡ್ಡಿನ ಮಾತು. ಶಾಲೆಗೆ ಹಣ ಬರುವುದು ಮುಖ್ಯವಾಗಿ ಆಸ್ತಿ ತೆರಿಗೆಯಿಂದ. ಇದು ಅಮೆರಿಕದ ಶಾಲಾ ವ್ಯವಸ್ಥೆಯ ಹಳೆಯ ಗಾಯ. ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಪ್ರವಾಸಿಗರು ಮುಗಿಬೀಳುವ ಊರಿನಲ್ಲಿ ರೆಸಾರ್ಟುಗಳು, ಶ್ರೀಮಂತರ ಎರಡನೇ ಮನೆಗಳು ಸಾಲಾಗಿರುತ್ತವೆ. ಅಲ್ಲಿ ಸ್ವಲ್ಪ ತೆರಿಗೆ ಹಾಕಿದರೂ ಶಾಲೆಗೆ ಧಾರಾಳ ಹಣ ಬರುತ್ತಿತ್ತು. ಹಸು ಸಾಕುವ ಪಕ್ಕದ ಊರಿನವರು ಎರಡು ಪಟ್ಟು ತೆರಿಗೆ ಕಟ್ಟಿದರೂ ಅಷ್ಟು ಹುಟ್ಟುತ್ತಿರಲಿಲ್ಲ. ಮಗು ಯಾವ ಊರಿನಲ್ಲಿ ಹುಟ್ಟಿತು ಎಂಬುದರ ಮೇಲೆ ಅದರ ಕಲಿಕೆ ನಿಂತಿತ್ತು. ‘ಬ್ರಿಗಮ್’ ಪ್ರಕರಣದಲ್ಲಿ ವರ್ಮಾಂಟ್‌ನ ಸುಪ್ರೀಂ ಕೋರ್ಟ್ 1997ರ ಫೆಬ್ರುವರಿಯಲ್ಲಿ ಇದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಅದೇ ವರ್ಷ ಶಾಸನಸಭೆ ‘ಆ್ಯಕ್ಟ್ 60’ ತಂದಿತು.

ಈ ಕಾಯ್ದೆಯ ನಂತರ ಶಾಲೆಗೆಂದು ವಸೂಲಾಗುವ ಆಸ್ತಿ ತೆರಿಗೆ ಇಡೀ ರಾಜ್ಯದ ಒಂದೇ ಶಿಕ್ಷಣ ನಿಧಿಗೆ ಸೇರುವ ವ್ಯವಸ್ಥೆ ಬೆಳೆಯಿತು. ಪ್ರತಿ ಮಗುವಿಗೆ ಎಷ್ಟು ಖರ್ಚು ಮಾಡಬೇಕೆಂದು ಊರು ತೀರ್ಮಾನಿಸುತ್ತದೆ, ಆ ಖರ್ಚಿಗೆ ತಕ್ಕಂತೆ ಆ ಊರಿನ ಮನೆಗಳ ತೆರಿಗೆ ದರ ನಿಗದಿಯಾಗುತ್ತದೆ. ಸಿರಿವಂತ ಊರಾಗಲಿ, ಬಡ ಊರಾಗಲಿ, ಮಗುವಿಗೆ ಒಂದೇ ಮೊತ್ತ ಖರ್ಚು ಮಾಡಿದರೆ ತೆರಿಗೆ ದರವೂ ಒಂದೇ. ಕಡಿಮೆ ಆದಾಯದ ಕುಟುಂಬಗಳಿಗೆ ಆದಾಯ ನೋಡಿ ತೆರಿಗೆ ಇಳಿಸುವ ಏರ್ಪಾಡೂ ಇದೆ. ಸಿರಿವಂತ ಊರುಗಳು ಸುಮ್ಮನಿರಲಿಲ್ಲ. ಸ್ಕೀ ರೆಸಾರ್ಟಿನ ಊರಾದ ಕಿಲ್ಲಿಂಗ್ಟನ್ 2004ರ ಟೌನ್ ಮೀಟಿಂಗ್‌ನಲ್ಲಿ, ನಾವು ವರ್ಮಾಂಟ್ ಬಿಟ್ಟು ನೆರೆಯ ನ್ಯೂ ಹ್ಯಾಂಪ್‌ಶೈರ್ ಸೇರುತ್ತೇವೆ ಎಂದೇ ನಿರ್ಣಯ ಮಾಡಿತು. ಸೇರಲಾಗಲಿಲ್ಲ. ನಿಧಿ ಉಳಿಯಿತು.

ಈಗ ಕೆಡುಕಿನ ಮಾತು. 1990ರ ದಶಕದ ಕೊನೆಯಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚಿದ್ದ ಶಾಲಾ ಮಕ್ಕಳ ಸಂಖ್ಯೆ ಈಗ 80 ಸಾವಿರದ ಆಸುಪಾಸಿಗೆ ಇಳಿದಿದೆ. ಮಕ್ಕಳು ಕಡಿಮೆಯಾದರೂ ಕಟ್ಟಡ ಬೆಚ್ಚಗಿಡುವ ಖರ್ಚು, ಬಸ್ಸಿನ ಖರ್ಚು, ಶಿಕ್ಷಕರ ಆರೋಗ್ಯ ವಿಮೆಯ ಕಂತು ಕಡಿಮೆಯಾಗುವುದಿಲ್ಲ. ವಿಮೆಯ ಕಂತು ಏರುತ್ತಲೇ ಇದೆ, ಕೋವಿಡ್ ಕಾಲದ ಕೇಂದ್ರದ ಅನುದಾನವೂ ನಿಂತಿತು. ತೆರಿಗೆ ಭಾರಿ ಏರುವ ಅಂದಾಜು ಹೊರಬಿದ್ದ ಕೂಡಲೇ 2024ರ ಮತದಾರರು ಸಿಟ್ಟು ತೋರಿಸಿದರು. ಊರಿನವರು ಕಡಿತ ಮಾಡಬಲ್ಲ ಖರ್ಚು ಸಂಗೀತ ಶಿಕ್ಷಕರದು, ಗ್ರಂಥಪಾಲಕರದು. ವಿಮೆಯ ದರ ಅವರ ಕೈಯಲ್ಲಿಲ್ಲ. ಹೀಗೆ ತಮ್ಮ ಹಿಡಿತದಲ್ಲಿಲ್ಲದ ಖರ್ಚಿಗೆ ಜನ ತಮ್ಮದೇ ಮಕ್ಕಳ ಪಾಠದ ಮೇಲೆ ಕತ್ತರಿ ಆಡಿಸುವಂತಾಯಿತು. ಊರಿನ ವೋಟಿನ ಪದ್ಧತಿಯಲ್ಲಿರುವ ದೊಡ್ಡ ದೋಷವಿದು, ಇದನ್ನು ಮುಚ್ಚಿಡಬೇಕಿಲ್ಲ.

ರಾಜ್ಯ ಸರ್ಕಾರ ಹುಡುಕಿದ ಪರಿಹಾರ ವಿಲೀನ. 2015ರ ‘ಆ್ಯಕ್ಟ್ 46’ ಮೊದಲು ತೆರಿಗೆ ರಿಯಾಯಿತಿಯ ಆಸೆ ತೋರಿಸಿತು, ಒಪ್ಪದ ಊರುಗಳನ್ನು 2018ರ ಕೊನೆಯಲ್ಲಿ ಕಡ್ಡಾಯವಾಗಿ ಸೇರಿಸಲಾಯಿತು. ಕವಿ ರಾಬರ್ಟ್ ಫ್ರಾಸ್ಟ್ ಬೇಸಿಗೆಗಳನ್ನು ಕಳೆಯುತ್ತಿದ್ದ ಬೆಟ್ಟದ ಊರು ರಿಪ್ಟನ್ ಕೂಡ ಈ ಕಾಯ್ದೆಯಡಿ ದೊಡ್ಡ ಡಿಸ್ಟ್ರಿಕ್ಟ್‌ನ ಭಾಗವಾಗಿತ್ತು. ತನ್ನ ಪುಟ್ಟ ಪ್ರಾಥಮಿಕ ಶಾಲೆ ಮುಚ್ಚಿಹೋಗುವ ಭಯದಿಂದ ರಿಪ್ಟನ್‌ನ ಜನ 2021ರ ಜನವರಿಯಲ್ಲಿ ಹೊರಬರಲು ವೋಟು ಹಾಕಿದರು. ಡಿಸ್ಟ್ರಿಕ್ಟ್‌ನ ಉಳಿದ ಊರುಗಳೂ ಒಪ್ಪಿದವು. ಆದರೆ ವಿಶೇಷ ಶಿಕ್ಷಣ, ಬಸ್ಸು, ಲೆಕ್ಕಪತ್ರದ ಸೇವೆ ಕೊಡಲು ಯಾವ ಒಕ್ಕೂಟವೂ ಸಿಗಲಿಲ್ಲ. ಎಲ್ಲವನ್ನೂ ತಾನೇ ಹೊರುವ ಸ್ಥಿತಿ ಬಂದಾಗ, 2022ರಲ್ಲಿ ಅದೇ ಜನ ಮರಳಿ ಸೇರಲು ವೋಟು ಹಾಕಿದರು. ಶಾಲೆ ಉಳಿಸಿಕೊಳ್ಳುವ ಮನಸ್ಸು ಆ ಊರಿಗಿತ್ತು. ಬೆನ್ನಿಗೆ ನಿಲ್ಲುವ ಕಚೇರಿ ಇರಲಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. 2025ರ ಜನವರಿಯಲ್ಲಿ ಗವರ್ನರ್ ಫಿಲ್ ಸ್ಕಾಟ್ ಇಡೀ ರಾಜ್ಯಕ್ಕೆ ಐದೇ ಡಿಸ್ಟ್ರಿಕ್ಟ್ ಸಾಕು ಎಂಬ ಪ್ರಸ್ತಾವ ಮುಂದಿಟ್ಟರು. ಜುಲೈ 1ರಂದು ಅವರು ಸಹಿ ಹಾಕಿದ ‘ಆ್ಯಕ್ಟ್ 73’ ಒಂದು ಡಿಸ್ಟ್ರಿಕ್ಟ್‌ನಲ್ಲಿ ಸಾಧ್ಯವಾದಷ್ಟೂ 4,000ದಿಂದ 8,000 ಮಕ್ಕಳಿರಬೇಕು ಎಂದಿತು. ಹೊಸ ನಕ್ಷೆ ಬರೆಯಲು ನೇಮಿಸಿದ ಕಾರ್ಯಪಡೆ ನವೆಂಬರ್‌ನಲ್ಲಿ ಕಡ್ಡಾಯ ವಿಲೀನದ ನಕ್ಷೆ ಕೊಡಲು ಒಪ್ಪಲಿಲ್ಲ. ಸೇವೆಗಳನ್ನು ಹಂಚಿಕೊಳ್ಳಿ, ಮನಸ್ಸಿದ್ದವರು ಸೇರಿಕೊಳ್ಳಿ ಎಂಬ ದಾರಿಯನ್ನೇ ಅದು ಶಿಫಾರಸು ಮಾಡಿತು. ಕಾರ್ಯಪಡೆಯ ನಿಲುವು ಸರಿ ಎಂದೇ ನನ್ನ ಅಭಿಪ್ರಾಯ. ಕಟ್ಟಡ ಮುಚ್ಚಿದರೆ ಉಳಿಯುವ ಹಣದಲ್ಲಿ ಒಂದು ಪಾಲನ್ನು ಬೆಟ್ಟದ ರಸ್ತೆಯಲ್ಲಿ ಓಡುವ ಬಸ್ಸು ನುಂಗುತ್ತದೆ. ಆ ಬಸ್ಸಿನಲ್ಲಿ ಆರು ವರ್ಷದ ಮಗು ಚಳಿಗಾಲದ ಕತ್ತಲಲ್ಲಿ ಕುಳಿತಿರಬೇಕಾದ ಹೊತ್ತಿಗೆ ಬಜೆಟ್ಟಿನಲ್ಲಿ ಕಾಲಂ ಇಲ್ಲ.

ಕರ್ನಾಟಕಕ್ಕೆ ಬರೋಣ. ಹೆಸರಿಗೆ ನಮ್ಮ ಶಾಲೆಗಳೂ ಊರಿನ ಕೈಯಲ್ಲೇ ಇವೆ. ಡಾ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಬಂದವು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಸಮಿತಿಯೇ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು. ಎಲ್ಲವೂ ಸರಿಯೇ. ಆದರೆ ಆ ಯೋಜನೆಗೆ ಹಣ ಎಲ್ಲಿದೆ? ಸಮಗ್ರ ಶಿಕ್ಷಣ ಯೋಜನೆಯಡಿ 30ರವರೆಗೆ ಮಕ್ಕಳಿರುವ ಶಾಲೆಗೆ ನಿಗದಿಯಾದ ವಾರ್ಷಿಕ ಸಂಯುಕ್ತ ಅನುದಾನ 10 ಸಾವಿರ ರೂಪಾಯಿ, 100 ಮಕ್ಕಳವರೆಗೆ 25 ಸಾವಿರ. ಸೀಮೆಸುಣ್ಣ, ಕರೆಂಟು ಬಿಲ್ಲು, ನಲ್ಲಿ ರಿಪೇರಿ, ಸುಣ್ಣಬಣ್ಣ, ಶೌಚಾಲಯದ ಸ್ವಚ್ಛತೆ ಎಲ್ಲವೂ ಅದರಲ್ಲೇ ಆಗಬೇಕು. ತಿಂಗಳಿಗೆ ಎಂಟುನೂರು ಚಿಲ್ಲರೆ ರೂಪಾಯಿಯಲ್ಲಿ ಯಾವ ಅಭಿವೃದ್ಧಿ ಯೋಜನೆ ಬರೆಯಲಾದೀತು? ಶಿಕ್ಷಕರ ನೇಮಕ ರಾಜ್ಯದ್ದು, ವರ್ಗಾವಣೆ ಕೌನ್ಸೆಲಿಂಗ್‌ನದ್ದು. ಗಣಿತದ ಮೇಷ್ಟ್ರು ವರ್ಗವಾಗಿ ಹೋದರೆ ಬದಲಿಗೆ ಇನ್ನೊಬ್ಬರನ್ನು ತರುವ ಅಧಿಕಾರ ಎಸ್‌ಡಿಎಂಸಿ ಅಧ್ಯಕ್ಷರಿಗಿಲ್ಲ. ಅವರು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಅರ್ಜಿ ಕೊಟ್ಟು, ಅತಿಥಿ ಶಿಕ್ಷಕರಿಗಾಗಿ ಕಾಯಬೇಕು.

ಮೇಲಿನ ಹಂತದಲ್ಲೂ ಊರಿನ ದನಿ ಇಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಪ್ರಾಥಮಿಕ ಶಾಲೆಗಳ ಬಗ್ಗೆ ಪ್ರಶ್ನೆ ಕೇಳಬೇಕಾದ ಸದಸ್ಯರೇ ಇಲ್ಲದ ಹೊತ್ತಿನಲ್ಲಿ ವಿಲೀನದ ಮಾತು ನಡೆಯಿತು. ಸಣ್ಣ ಶಾಲೆಗಳನ್ನು ಸೇರಿಸಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಯ ಕಲ್ಪನೆಯನ್ನು ನಾನು ವಿರೋಧಿಸುವುದಿಲ್ಲ. ಐದು ತರಗತಿಗೆ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮಗು ಕಳೆದುಕೊಳ್ಳುವುದು ಏನೆಂದು ಹಳ್ಳಿಯ ಪೋಷಕರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಸಾಲ ಮಾಡಿಯಾದರೂ ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಿಸುತ್ತಾರೆ. ಆದರೆ ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಕಿಲೊಮೀಟರ್ ಒಳಗೆ ಶಾಲೆ ಇರಬೇಕು ಎಂಬ ನಿಯಮ ಸುಮ್ಮನೆ ಬಂದದ್ದಲ್ಲ. ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳ, ಲಾರಿಗಳು ಓಡುವ ಹೆದ್ದಾರಿ, ಒಬ್ಬಳೇ ನಡೆಯಬೇಕಾದ ಹುಡುಗಿ ಇವನ್ನೆಲ್ಲ ನೆನೆದು ಬಂದದ್ದು.

ವರ್ಮಾಂಟ್‌ನಿಂದ ನಾವು ವೋಟಿನ ಪದ್ಧತಿಯನ್ನು ಹಾಗೆಯೇ ಎತ್ತಿ ತರಬೇಕಿಲ್ಲ. ಆಸ್ತಿ ತೆರಿಗೆಯ ಮೇಲೆ ಶಾಲೆ ನಿಲ್ಲಿಸುವ ತಪ್ಪಂತೂ ಬೇಡವೇ ಬೇಡ. ನಮ್ಮ ಶಿಕ್ಷಕರ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತಿರುವುದು ಒಳ್ಳೆಯದೇ. ಬೇಕಾದದ್ದು ಅಲ್ಲಿನ ಕೆಲಸದ ಹಂಚಿಕೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಮಾಹಿತಿ ತುಂಬುವ ಕೆಲಸದಿಂದ ಬಿಡಿಸಿ, ಅಕ್ಕಪಕ್ಕದ ಶಾಲೆಗಳ ಗುಂಪಾದ ಪ್ರತಿ ಕ್ಲಸ್ಟರಿಗೆ ಒಬ್ಬ ಲೆಕ್ಕದ ಗುಮಾಸ್ತ, ಒಬ್ಬ ವಿಶೇಷ ಶಿಕ್ಷಕ, ಸಂಗೀತ ಮತ್ತು ಚಿತ್ರಕಲೆಗೆ ಶಾಲೆಯಿಂದ ಶಾಲೆಗೆ ಹೋಗುವ ಶಿಕ್ಷಕರನ್ನು ಕೊಟ್ಟರೆ ಸಣ್ಣ ಶಾಲೆಯ ಅರ್ಧ ಕಷ್ಟ ನೀಗುತ್ತದೆ. ಸಂಯುಕ್ತ ಅನುದಾನವನ್ನು ಬೇಸಿಗೆ ರಜೆ ಮುಗಿಯುವ ಮುನ್ನವೇ ಎಸ್‌ಡಿಎಂಸಿ ಖಾತೆಗೆ ಹಾಕಿ, ಸಣ್ಣ ಶಾಲೆಗೂ ಬದುಕಲು ಸಾಲುವಷ್ಟು ಕೊಡಬೇಕು. ಯಾವ ಶಾಲೆಯನ್ನಾದರೂ ಮುಚ್ಚುವ ಅಥವಾ ವಿಲೀನ ಮಾಡುವ ಮುನ್ನ ಗ್ರಾಮಸಭೆಯಲ್ಲಿ ಲೆಕ್ಕ ಇಟ್ಟು, ಬಸ್ಸಿನ ವ್ಯವಸ್ಥೆಯನ್ನು ಬರವಣಿಗೆಯಲ್ಲಿ ಕೊಟ್ಟು, ಪೋಷಕರ ಒಪ್ಪಿಗೆ ಪಡೆಯಬೇಕು ಎಂದು ಕಾನೂನು ಮಾಡಬೇಕು.

ಇದಕ್ಕೆಲ್ಲ ಸರ್ಕಾರದ ಆದೇಶ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ಈಗಾಗಲೇ ಇದೆ. ಆ ಸಭೆಯಲ್ಲೇ ಊರಿನ ಶಾಲೆಗೆ ಈ ವರ್ಷ ಎಷ್ಟು ಹಣ ಬಂತು, ಯಾವಾಗ ಬಂತು, ಯಾವುದಕ್ಕೆ ಖರ್ಚಾಯಿತು, ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇದೆ ಎಂಬುದನ್ನು ಮುಖ್ಯ ಶಿಕ್ಷಕರು ಓದಿ ಹೇಳಲಿ, ಎಸ್‌ಡಿಎಂಸಿ ಅಧ್ಯಕ್ಷರು ಉತ್ತರ ಕೊಡಲಿ. ಮುಂದಿನ ಸಭೆಗೆ ನಿಮ್ಮೂರಿನಲ್ಲಿ ಡಂಗುರ ಸಾರಿದಾಗ ದಯವಿಟ್ಟು ಹೋಗಿ, ಆ ಲೆಕ್ಕ ಕೇಳಿ.